ಖಾತೆಗೆ ಬಾರದ ದುರಸ್ತಿ: ಜ್ಯಾಂಗೊ ನಡೆದುಬಂದ ದಾರಿ



ನಾನು ಚಾರ್ಟರ್ಡ್ ಅಕೌಂಟೆಂಟ್, ಪ್ರೋಗ್ರಾಂ ಬರೆಯುವವನಲ್ಲ. ಯಾವ ಕಂಪನಿಯ ಲೆಕ್ಕಪತ್ರ ಕೈಗೆ ಬಂದರೂ ‘ದುರಸ್ತಿ ಮತ್ತು ನಿರ್ವಹಣೆ’ ಖಾತೆಯನ್ನು ಬಿಡದೆ ನೋಡುತ್ತೇನೆ. ನಿಮ್ಮಲ್ಲಿ ಹಲವರು ಬಳಸುವ ಜ್ಯಾಂಗೊ ಎಂಬ ವೆಬ್ ಫ್ರೇಮ್‌ವರ್ಕಿನ ಚರಿತ್ರೆಯನ್ನೂ ಇಂದು ಹಾಗೆಯೇ ನೋಡೋಣ.

ಅದು ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಒಂದು ಪತ್ರಿಕಾ ಕಚೇರಿಯಲ್ಲಿ. ಅಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯ ಜಾಲತಾಣಗಳಿಗಾಗಿ ಅದನ್ನು ಕಟ್ಟತೊಡಗಿದರು. ಸುದ್ದಿಮನೆಯ ಗಡುವು ತಿಂಗಳುಗಟ್ಟಲೆ ಕಾಯುವುದಿಲ್ಲವಲ್ಲ! 2005ರ ಜುಲೈನಲ್ಲಿ ಅದು ಬಿಎಸ್‌ಡಿ ಲೈಸೆನ್ಸಿನಡಿ ಎಲ್ಲರಿಗೂ ಮುಕ್ತವಾಯಿತು. 2008ರಲ್ಲಿ ಲಾಭರಹಿತ ಜ್ಯಾಂಗೊ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪನೆಯಾಯಿತು. ಅದೇ ವರ್ಷ 1.0 ಆವೃತ್ತಿಯೂ ಬಂತು.

ಬಿಟ್ಟಿ ಸಿಕ್ಕ ಸಾಫ್ಟ್‌ವೇರಿಗೆ ಆಸ್ತಿಪಟ್ಟಿಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದಕ್ಕೆ ಸವಕಳಿ ಇಲ್ಲ, ದುರಸ್ತಿಗೆಂದು ಹಣ ತೆಗೆದಿಡುವವರೂ ಇಲ್ಲ. ಆದರೆ ಸವೆತ ನಿಜ. ಪೈಥಾನ್ ಭಾಷೆ ಬದಲಾಗುತ್ತದೆ, ಡೇಟಾಬೇಸುಗಳು ಬದಲಾಗುತ್ತವೆ, ಭದ್ರತೆಯ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಬಂದ ದೂರುಗಳನ್ನು ವಿಂಗಡಿಸಬೇಕು, ಕಳಿಸಿದ ತಿದ್ದುಪಡಿಗಳನ್ನು ಸಾಲುಸಾಲಾಗಿ ಓದಬೇಕು, ಹೊಸ ಆವೃತ್ತಿ ಹೊರಡಿಸಬೇಕು, ಹಳೆಯದನ್ನೂ ಕಾಯಬೇಕು. ದೀರ್ಘಾವಧಿ ಆವೃತ್ತಿಗಳಿಗೆ ಸುಮಾರು 3 ವರ್ಷ ಭದ್ರತಾ ತಿದ್ದುಪಡಿ ಕೊಡುವ ವಾಗ್ದಾನವೂ ಇದೆ. ಹೊಸದನ್ನು ಸೇರಿಸಿದವನಿಗೆ ಚಪ್ಪಾಳೆ ಸಿಗುತ್ತದೆ. ಈ ಕೆಲಸಕ್ಕೆ ಅದೂ ಅಪರೂಪ.

ಬಹುಕಾಲ ಇದನ್ನೆಲ್ಲ ಸ್ವಯಂಸೇವಕರೇ ಹೊತ್ತರು. 2014ರ ಜನವರಿಯಲ್ಲಿ ಹೊಲೊವಾಟಿ ಮತ್ತು ಜೇಕಬ್ ಕಪ್ಲಾನ್-ಮಾಸ್ ಅಂತಿಮ ತೀರ್ಪುಗಾರರ ಸ್ಥಾನ ಬಿಟ್ಟುಕೊಟ್ಟರು. ಅದೇ ವರ್ಷ ಫೌಂಡೇಶನ್ ದೇಣಿಗೆಯ ಹಣದಿಂದ ‘ಫೆಲೋ’ ಎಂಬ ಸಂಬಳದ ಹುದ್ದೆಯನ್ನು ಆರಂಭಿಸಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ತಿರುವು ಇದೇ: ನಿರ್ವಹಣೆಗೆ ಕೊನೆಗೂ ಒಂದು ಖಾತೆ ತೆರೆಯಿತು. 2020ರಲ್ಲಿ ಹಳೆಯ ‘ಕೋರ್ ತಂಡ’ವನ್ನೇ ವಿಸರ್ಜಿಸಿದರು. ಪಟ್ಟಿಯಲ್ಲಿ ಹೆಸರಿದ್ದ ಹಲವರು ಸಕ್ರಿಯರಾಗಿರಲಿಲ್ಲ. ದಿನನಿತ್ಯದ ಕೆಲಸ ಬಹುಪಾಲು ಫೆಲೋಗಳ ಹೆಗಲ ಮೇಲಿತ್ತು. ಇದ್ದ ಸ್ಥಿತಿಯನ್ನು ನಿಯಮವೂ ಒಪ್ಪಿಕೊಂಡಿತು.

ಜ್ಯಾಂಗೊ ಜೊತೆಗೆ ಬರುವ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು. ಹೊಸ ಆವೃತ್ತಿಯಲ್ಲಿ ಹೊಸ ವಾಕ್ಯ ಸೇರಿದರೆ ಯಾರಾದರೂ ಕನ್ನಡಿಸಬೇಕು. ಇಲ್ಲದಿದ್ದರೆ ಅಲ್ಲಿ ಇಂಗ್ಲಿಷೇ ಉಳಿಯುತ್ತದೆ.

ಆದ್ದರಿಂದ ನನ್ನ ಕೋರಿಕೆ ಎರಡೇ. ಬಿಡುವಿದ್ದವರು ಕನ್ನಡದ ವಾಕ್ಯಗಳತ್ತ ಕೈ ಹಾಕಿ. ಕಂಪನಿಯ ಬಜೆಟ್ ಬರೆಯುವವರು, ನಿಮಗೆ ಅನ್ನ ಕೊಡುವ ಮುಕ್ತ ತಂತ್ರಾಂಶದ ದುರಸ್ತಿಗೆಂದು ಒಂದು ಸಾಲು ಸೇರಿಸಿ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ, ಪ್ರತಿ ವರ್ಷ ಇರಲಿ.