ದತ್ತಕ: ಕಲೆಕ್ಟರರ ಮುಂದೆ ಅಂದು, ಇಂದು

ಧಾರವಾಡದಿಂದ ಬೆಳಗಾವಿಗೆ ಹೋಗುವ ಹಾದಿಯಲ್ಲಿ ಕಿತ್ತೂರು ಸಿಗುತ್ತದೆ. ಅಲ್ಲಿ ನಡೆದ ಯುದ್ಧದ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಅದರ ಮೂಲದಲ್ಲಿ ಇದ್ದುದು ಒಂದು ದತ್ತಕ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಮರಣಕ್ಕೆ ಮುನ್ನ ಆತನು ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಿದ್ದನೆಂದು ಸಂಸ್ಥಾನವು ತಿಳಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. 1858ರ ನರಗುಂದದ ಬಂಡಾಯಕ್ಕೂ ದತ್ತಕದ ನಿರಾಕರಣೆ ಒಂದು ಕಾರಣವಾಗಿತ್ತು. ಎರಡು ಕಡೆಯೂ ಎದ್ದ ಪ್ರಶ್ನೆ, ಸಂಸ್ಥಾನ ಯಾರಿಗೆ ಸೇರಬೇಕು ಎಂಬುದು. ಮಗುವಿಗೆ ಏನು ಬೇಕೆಂಬುದು ಪ್ರಶ್ನೆಯೇ ಆಗಿರಲಿಲ್ಲ.

ಸ್ವಾತಂತ್ರ್ಯಾನಂತರ, 1956ರ ಕಾಯಿದೆ ಹಿಂದೂಗಳ ದತ್ತಕಕ್ಕೆ ನಿಯಮ ರೂಪಿಸಿತು. ಕ್ರೈಸ್ತರಿಗೆ ಅಂತಹ ಕಾಯಿದೆ ಇರಲಿಲ್ಲ. ಅನಾಥ ಶಿಶುವನ್ನು ಮನೆಗೆ ತಂದ ದಂಪತಿಗಳು 1890ರ ಕಾಯಿದೆಯಂತೆ ಕೇವಲ ಪಾಲಕರಾಗುತ್ತಿದ್ದರು. ಮಗು ಪ್ರಾಪ್ತವಯಸ್ಸಿಗೆ ಬಂದಾಗ ಆ ಪಾಲಕತ್ವ ಮುಗಿಯುತ್ತಿತ್ತು. ಉಯಿಲು ಬರೆಯದಿದ್ದರೆ ಆಸ್ತಿಯ ಹಕ್ಕೂ ಇರುತ್ತಿರಲಿಲ್ಲ. ಎದೆಗಪ್ಪಿ ಬೆಳೆಸಿದ ತಾಯಿ ಕಾನೂನಿನ ಕಣ್ಣಿಗೆ ತಾಯಿಯಾಗಿರಲಿಲ್ಲ! 2000ದ ಬಾಲ ನ್ಯಾಯ ಕಾಯಿದೆ ಮತ್ತು ಅದರ 2006ರ ತಿದ್ದುಪಡಿ ಈ ಬಾಗಿಲನ್ನು ಎಲ್ಲ ಧರ್ಮದವರಿಗೂ ತೆರೆದವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಈಗ 2015ರ ಕಾಯಿದೆ ಜಾರಿಯಲ್ಲಿದೆ. ದತ್ತು ಬಯಸುವವರಿಗೆ ದೈಹಿಕ, ಮಾನಸಿಕ ಆರೋಗ್ಯ ಹಾಗೂ ಆರ್ಥಿಕ ಸಾಮರ್ಥ್ಯ ಇರಬೇಕು. ದಂಪತಿಗಳಾದರೆ ಇಬ್ಬರ ಒಪ್ಪಿಗೆಯೂ ಕನಿಷ್ಠ ಎರಡು ವರ್ಷಗಳ ಸ್ಥಿರ ದಾಂಪತ್ಯವೂ ಅಗತ್ಯ. ಮಗುವಿಗೂ ಪೋಷಕರಿಗೂ ಸಾಮಾನ್ಯವಾಗಿ 25 ವರ್ಷಕ್ಕೆ ಕಡಿಮೆಯಿಲ್ಲದ ಅಂತರವಿರಬೇಕು. ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗುವನ್ನು ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಪರಿಚಯದವರಿಂದ ನೇರವಾಗಿ ಅನಾಥ ಶಿಶುವನ್ನು ಪಡೆಯುವುದು, ಎಷ್ಟೇ ಸದುದ್ದೇಶವಿದ್ದರೂ, ಅಪರಾಧವೇ.

2021ರ ತಿದ್ದುಪಡಿಯ ನಂತರ ದತ್ತಕದ ಆದೇಶ ನೀಡುವ ಅಧಿಕಾರ ಜಿಲ್ಲಾಧಿಕಾರಿಯದು. ಸಂಸ್ಥಾನದ ಲೆಕ್ಕದಲ್ಲಿ ಥ್ಯಾಕರೆ ದತ್ತಕವನ್ನು ತಳ್ಳಿಹಾಕಿದ ಅದೇ ಧಾರವಾಡದಲ್ಲಿ, ಇಂದಿನ ಕಲೆಕ್ಟರರು ಸಹಿ ಹಾಕುವ ಮೊದಲು ಇದು ಮಗುವಿನ ಹಿತಕ್ಕೆ ತಕ್ಕುದೇ ಎಂದು ಖಚಿತಪಡಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕಂತೆ ಮಗುವಿನ ಇಚ್ಛೆಯನ್ನೂ ಪರಿಗಣಿಸಬೇಕು. ಮಗುವಿಲ್ಲದ ಮನೆಗೊಂದು ಮಗು ಎಂಬ ಮಾತು ನಮ್ಮಲ್ಲಿ ರೂಢಿ. ಮನೆಯಿಲ್ಲದ ಮಗುವಿಗೊಂದು ಮನೆ ಎಂದು ಹೇಳಲು ನಾವು ಕಲಿತಾಗಲೇ ಈ ಕಾನೂನಿಗೆ ಜೀವ ಬಂದೀತು.