ಟೂಲ್‌ಟಿಪ್: ಕತ್ತರಿಸುವ ಚೌಕಟ್ಟಿನ ಆಚೆಗೆ ತೋರಿಸುವ ವಿಧಾನಗಳು

ವೆಬ್ ಪುಟದ ಯಾವುದಾದರೂ ಪದ ಅಥವಾ ಗುಂಡಿಯ ಮೇಲೆ ಮೌಸ್ ಇಟ್ಟಾಗ, ಇಲ್ಲವೇ ಕೀಲಿಮಣೆಯಿಂದ ಅಲ್ಲಿಗೆ ತಲುಪಿದಾಗ ಮೂಡುವ ಕಿರು ವಿವರಣೆಯೇ ಟೂಲ್‌ಟಿಪ್. ತನ್ನ ಅಂಚು ಮೀರಿದ್ದನ್ನು ಮರೆಮಾಡುವ ಚೌಕಟ್ಟಿನೊಳಗೆ ಅದು ಮೂಡಿದರೆ ಅರ್ಧವೇ ಕಾಣುತ್ತದೆ. ಅದನ್ನು ಇಡಿಯಾಗಿ ತೋರಿಸಲು ಹಲವು ವಿಧಾನಗಳಿವೆ.

ತೊಡಕು

ಧಾರವಾಡ ಜಿಲ್ಲೆಯ ಅಣ್ಣಿಗೇರಿ ಕಡಲೆ ಬೆಳೆಯುವ ಸೀಮೆ. ಅಲ್ಲಿನ ಕಡಲೆ ದರ ತೋರಿಸುವ ವೆಬ್ ಪುಟವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೃಷಿ ಮಾರುಕಟ್ಟೆಯ ಧಾರಣೆ ಪಟ್ಟಿಗಳಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರವೇ ಮಾದರಿ ದರ. ಈ ವಿವರಣೆಯನ್ನು ಪಟ್ಟಿಯ ತಲೆಸಾಲಿನಲ್ಲಿ ಟೂಲ್‌ಟಿಪ್ ಆಗಿ ಇಟ್ಟಿದ್ದಾರೆ ಎಂದುಕೊಳ್ಳಿ. ಅಗಲವಾದ ಪಟ್ಟಿ ಮೊಬೈಲಿನಲ್ಲಿ ಅಡ್ಡಕ್ಕೆ ಸರಿಯಲೆಂದು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ‘ಓವರ್‌ಫ್ಲೋ-ಎಕ್ಸ್’ ಗುಣಕ್ಕೆ ‘ಆಟೋ’ ಎಂದು ಕೊಟ್ಟರೆ, ನಿಯಮದಂತೆ ಲಂಬ ದಿಕ್ಕಿನ ‘ಓವರ್‌ಫ್ಲೋ-ವೈ’ ಗುಣದ ‘ವಿಸಿಬಲ್’ ಕೂಡ ‘ಆಟೋ’ ಆಗುತ್ತದೆ. ತಲೆಸಾಲಿನ ಮೇಲೆ ಮೂಡಬೇಕಾದ ವಿವರಣೆ ಆಗ ಕತ್ತರಿಸಿಹೋಗುತ್ತದೆ. ‘ಝಡ್-ಇಂಡೆಕ್ಸ್’ ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ: ಅದು ಪದರಗಳ ಹಿಂದು-ಮುಂದನ್ನು ನಿರ್ಧರಿಸುತ್ತದೆಯೇ ಹೊರತು ಕತ್ತರಿಸುವುದನ್ನು ತಡೆಯುವುದಿಲ್ಲ.

ಪರಿಹಾರಗಳು

‘ಪೊಸಿಷನ್: ಫಿಕ್ಸ್‌ಡ್’ ಕೊಟ್ಟ ಟೂಲ್‌ಟಿಪ್ ಪರದೆಯನ್ನೇ ಆಧಾರವಾಗಿ ಹಿಡಿಯುವುದರಿಂದ ಚೌಕಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಅದನ್ನು ಒಳಗೊಂಡ ಯಾವುದಾದರೂ ಅಂಶಕ್ಕೆ ‘ಟ್ರಾನ್ಸ್‌ಫಾರ್ಮ್’ ಅಥವಾ ‘ಫಿಲ್ಟರ್’ ಇದ್ದರೆ ಆ ಅಂಶವೇ ಆಧಾರವಾಗಿ, ತೊಡಕು ಮರಳಬಹುದು.

ಇನ್ನೊಂದು ದಾರಿ, ಟೂಲ್‌ಟಿಪ್ಪನ್ನು ಚೌಕಟ್ಟಿನಿಂದ ತೆಗೆದು ಪುಟದ ‘ಬಾಡಿ’ಯ ಕೊನೆಗೆ ಸೇರಿಸುವುದು. 2017ರಲ್ಲಿ ಬಂದ ರಿಯಾಕ್ಟ್ 16 ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇದಕ್ಕೆ ‘ಪೋರ್ಟಲ್’ ಸೌಲಭ್ಯ ನೀಡಿತು. ಪದ ಪರದೆಯ ಯಾವ ಜಾಗದಲ್ಲಿದೆ ಎಂದು ಸ್ಕ್ರಿಪ್ಟ್ ಅಳೆದು, ಪುಟ ಸರಿದಾಗಲೆಲ್ಲ ಮತ್ತೆ ಲೆಕ್ಕ ಹಾಕಬೇಕು. ಪಾಪರ್, ಫ್ಲೋಟಿಂಗ್ ಯುಐ ಲೈಬ್ರರಿಗಳು ಈ ಕೆಲಸ ಮಾಡುತ್ತವೆ.

ಪಾಪ್‌ಓವರ್ ಸೌಲಭ್ಯ ಬಂದ ಮೇಲೆ ಚೌಕಟ್ಟಿನಿಂದ ಹೊರತರುವ ಹೊಣೆಯನ್ನು ಬ್ರೌಸರೇ ಹೊತ್ತಿದೆ. ಟೂಲ್‌ಟಿಪ್ ಪುಟದ ರಚನೆಯಲ್ಲಿ ಇದ್ದಲ್ಲೇ ಇದ್ದು, ಎಲ್ಲ ಚೌಕಟ್ಟುಗಳಿಗಿಂತ ಮೇಲಿನ ಪದರದಲ್ಲಿ ಮೂಡುತ್ತದೆ. 2023ರಲ್ಲಿ ಕ್ರೋಮ್ 114 ಮತ್ತು ಸಫಾರಿ 17, 2024ರಲ್ಲಿ ಫೈರ್‌ಫಾಕ್ಸ್ 125 ಇದನ್ನು ಅಳವಡಿಸಿಕೊಂಡವು. ಮೇಲಿನ ಪದರದಲ್ಲಿದ್ದರೂ ಪದದ ಪಕ್ಕದಲ್ಲೇ ನಿಲ್ಲಿಸುವ ಸಿಎಸ್‌ಎಸ್ ಆ್ಯಂಕರ್ ಪೊಸಿಷನಿಂಗ್ 2024ರಲ್ಲಿ ಕ್ರೋಮ್ 125ರೊಂದಿಗೆ ಬಂತು.

ಎಲ್ಲರಿಗೂ ಎಟುಕುವಂತೆ

ವೆಬ್ ಪುಟಗಳು ಎಲ್ಲರಿಗೂ ಎಟುಕಬೇಕೆಂಬ 2018ರ ಡಬ್ಲ್ಯೂಸಿಎಜಿ 2.1 ಮಾನದಂಡದ 1.4.13ನೇ ನಿಯಮ ಮೂರು ಗುಣಗಳನ್ನು ಬಯಸುತ್ತದೆ: ಮೌಸ್ ಸರಿಸದೆಯೇ ವಿವರಣೆಯನ್ನು ಮುಚ್ಚಲು ಬರಬೇಕು, ಮೌಸನ್ನು ವಿವರಣೆಯ ಮೇಲೆ ಒಯ್ದರೂ ಅದು ಮಾಯವಾಗಬಾರದು, ಓದಿ ಮುಗಿಯುವ ಮುನ್ನ ತಾನಾಗಿ ಮರೆಯಾಗಬಾರದು. ‘ಏರಿಯಾ-ಡಿಸ್ಕ್ರೈಬ್ಡ್‌ಬೈ’ ಮೂಲಕ ಪದಕ್ಕೂ ವಿವರಣೆಗೂ ನಂಟು ಕೊಟ್ಟರೆ ಪರದೆ ಓದುವ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ‘ಟೈಟಲ್’ ಗುಣದಿಂದ ಬ್ರೌಸರ್ ತೋರಿಸುವ ವಿವರಣೆಯನ್ನು ಚೌಕಟ್ಟು ಕತ್ತರಿಸದು. ಆದರೆ ಬೆರಳಿನಿಂದ ಬಳಸುವ ಫೋನಿನಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ.

ಕನ್ನಡ ಪುಟಗಳಲ್ಲಿ

ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಟೂಲ್‌ಟಿಪ್ಪಿಗೆ ನಿಗದಿತ ಎತ್ತರ ಕೊಟ್ಟು ಉಳಿದದ್ದನ್ನು ಮರೆಮಾಡಿದರೆ ‘ಅಣ್ಣಿಗೇರಿ’ಯ ಣಕಾರದ ಒತ್ತೇ ಮೊದಲು ಕತ್ತರಿಸಿಹೋಗಬಹುದು. ಆದ್ದರಿಂದ ಎತ್ತರವನ್ನು ಪಠ್ಯಕ್ಕೆ ಬಿಟ್ಟು, ಸಾಲುಗಳ ನಡುವೆ ಸಾಕಷ್ಟು ಅಂತರ ಕೊಡಬೇಕು. ಇಷ್ಟೆಲ್ಲ ಮಾಡಿದರೂ, ಮಾದರಿ ದರದಂಥ ವಿವರಣೆಯನ್ನು ಟೂಲ್‌ಟಿಪ್ಪಿಗಷ್ಟೇ ಬಿಡಬಾರದು. ಮಾಲು ಇಂದು ಮಾರಬೇಕೋ ಬೇಡವೋ ಎಂದು ರೈತ ತೀರ್ಮಾನಿಸುವುದು ಅದನ್ನು ಓದಿ. ಅದು ಪಟ್ಟಿಯ ಕೆಳಗೆ ನೇರವಾಗಿಯೇ ಕಾಣಬೇಕು.