ಬಂಡೆ ಇದ್ದಲ್ಲೇ, ಕಾಗದ ದೂರದಲ್ಲಿ

ಹಟ್ಟಿಯ ಚಿನ್ನದ ಗಣಿಗಳಿಂದ ಹೆಸರಾದ ಲಿಂಗಸುಗೂರು ಸೀಮೆಯಲ್ಲಿ ಅದಿರನ್ನರಸುತ್ತ ಅಲೆಯುತ್ತಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರು 1915ರಲ್ಲಿ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಕಂಡ ಅಕ್ಷರಗಳನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಓದಿ, ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯ ಪ್ರಥಮ ಪುಸ್ತಕವಾಗಿ ಪ್ರಕಟಿಸಿದರು. ಪ್ರಿನ್ಸೆಪ್ಪನು 1837ರಲ್ಲಿ ಬ್ರಾಹ್ಮೀಲಿಪಿಯನ್ನು ಬಿಡಿಸಿದಂದಿನಿಂದ ಸಿಂಹಳದ ವಂಶಚರಿತ್ರೆಗಳ ನೆರವಿನಿಂದ ಊಹಿಸಲ್ಪಟ್ಟಿದ್ದ ಸಂಗತಿ, ಎಂದರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನಿಂದ ಕಾಣುವ ಅರಸನೇ ಅಶೋಕನೆಂಬುದು, ಆ ಬಿರುದಿನೊಡನೆ ಹೆಸರನ್ನೂ ಹೊತ್ತ ಈ ಬಂಡೆಯಿಂದ ಸ್ಥಿರಪಟ್ಟಿತು. ಬಂಡೆಯು ಇದ್ದಲ್ಲೇ ಇದೆ. ವಿದ್ವತ್ತು ಮಾತ್ರ ಕಾಗದದ ಮೇಲೇರಿ ಹೊರಗೆ ನಡೆಯಿತು.

ಆ ಪಯಣದ ವಾಹನವೇ ಪಡಿಯಚ್ಚು. ಕಲ್ಲನ್ನು ತೊಳೆದುಜ್ಜಿ, ನೀರಿನಲ್ಲಿ ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಬಿರುಸಾದ ಕುಂಚದಿಂದ ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಬಡಿದು, ಅರೆ ಒಣಗಿದ ಮೇಲೆ ಮಸಿಯ ಗುಂಡಿನಿಂದ ಒತ್ತಿದರೆ, ಕಪ್ಪು ನೆಲದಲ್ಲಿ ಬರಹವು ಬೆಳ್ಳಗೆ ಮೂಡುತ್ತದೆ. ಬಿಸಿಲು ಮಳೆಗಳಿಗೆ ಕಲ್ಲು ಸವೆದ ಮೇಲೆ ಆ ಹಾಳೆಯೇ ಮೂಲಕ್ಕಿಂತ ವಿಶ್ವಾಸಾರ್ಹವಾಗುವುದುಂಟು. ಆದರೆ ಹಾಳೆಯೂ ಮಡಿಚಿದ ಗೆರೆಯಲ್ಲಿ ಮೊದಲು ಸೀಳುತ್ತದೆ.

ದಕ್ಷಿಣದ ಊರೂರುಗಳ ಇಂತಹ ಹಾಳೆಗಳು ಬಹುಕಾಲ ಉದಕಮಂಡಲದಲ್ಲಿದ್ದ ಪುರಾತತ್ತ್ವ ಇಲಾಖೆಯ ಶಾಸನಶಾಖೆಯಲ್ಲಿ ಕೂಡಿಬಿದ್ದು, 1966ರಲ್ಲಿ ಶಾಖೆಯೊಡನೆ ಮೈಸೂರಿಗೆ ಬಂದವು. ಅನೇಕ ಭಾಷೆಗಳ ವಿದ್ವಾಂಸರಿಗೆಲ್ಲ ಸಮಾನವಾದ ದೂರದ ಉಗ್ರಾಣವೊಂದು ನಮ್ಮಲ್ಲಿ ಹೀಗೆ, ಯಾರೂ ಆ ಹೆಸರಿಟ್ಟು ಕರೆಯದೆಯೇ, ನೆಲೆಗೊಂಡಿತು. ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ತನ್ನ ವಿರಳವಾಗಿ ಓದುವ ಪುಸ್ತಕಗಳನ್ನು 1986ರಿಂದ ಊರಾಚೆಯ ಉಗ್ರಾಣದಲ್ಲಿ, ವಿಷಯಾನುಸಾರವಾಗಿ ಅಲ್ಲ, ಗಾತ್ರಾನುಸಾರವಾಗಿ ಜೋಡಿಸಿಡತೊಡಗಿದಾಗ ವಾಚಕರು ಬೆದರಿದರೆಂದರೆ ಅಚ್ಚರಿಯೇನು? ಕಪಾಟಿನ ಮುಂದೆ ನಿಂತು ಪಕ್ಕದ ಪುಸ್ತಕವನ್ನು ಅಕಸ್ಮಾತ್ತಾಗಿ ಕಾಣುವ ಸುಖವು ಅಲ್ಲಿ ಲುಪ್ತವಾಯಿತು. ಆದರೂ ಬೇಡಿದ ಪುಸ್ತಕ ಮರುದಿನವೇ ಕೈಸೇರುವುದೆಂಬ ಭರವಸೆಯಿದ್ದರೆ ದೂರವು ದೋಷವಲ್ಲ.

ಹಾಗಲ್ಲದಿದ್ದರೆ ಜಗಳವೇಳುತ್ತದೆ. ಮೈಸೂರಿನ ತಮಿಳು ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2021ರಲ್ಲಿ ಆದೇಶಿಸಿದ್ದು ಇದಕ್ಕೆ ನಿದರ್ಶನ. ಭಾಷಾಭಿಮಾನದ ಮಾತನ್ನು ಬದಿಗಿಟ್ಟರೂ, ತನ್ನ ಊರಿನ ಬರಹವನ್ನು ತಾನೇ ನೋಡಬೇಕೆಂಬವನ ಹಂಬಲ ಅನ್ಯಾಯವಲ್ಲ.

ಮಸ್ಕಿಯ ಸಂಗತಿ ಇನ್ನೂ ವಿಚಿತ್ರ. ಮೌರ್ಯನ ಶಾಸನವುಳ್ಳ ಈ ಊರು ಮೊದಲಿಗೆ ಲಿಂಗಸುಗೂರು ಸೀಮೆಗೆ ಸೇರಿತ್ತು. ಆ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿದ್ದು, 1905ರಲ್ಲಿ ರಾಯಚೂರಿನಲ್ಲಿ ವಿಲೀನವಾಯಿತು. ಬಿ.ಕೆ. ಥಾಪರರು 1954ರಲ್ಲಿ ಮಸ್ಕಿಯನ್ನು ಅಗೆದು ಬರೆದ ವರದಿಯೂ ದಿಲ್ಲಿಯ ಪ್ರಕಟಣೆಯಲ್ಲೇ ಅಚ್ಚಾಯಿತು. ಆಡಳಿತದ ಗಡಿಗಳು ಸರಿದಷ್ಟು ಸಲ ಕಾಗದಪತ್ರಗಳೂ ಸರಿಯುವುದು ರೂಢಿ. ಯಾವುದು ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನು ಊರಿನಲ್ಲಿ ಬಿಟ್ಟುಹೋಗುವುದು ಮಾತ್ರ ರೂಢಿಯಾಗಲಿಲ್ಲ. ನಾನು ಆಕ್ಷೇಪಿಸುವುದು ಇದನ್ನೇ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಾಲೇಜು ಗ್ರಂಥಾಲಯಗಳು, ಸ್ಥಳವಿಲ್ಲವೆಂದು ಹಳೆಯ ಪುಸ್ತಕಗಳನ್ನು ಹೊರಗೆ ಕಳಿಸುವ ಮುನ್ನ, ಕಳಿಸಿದ್ದರ ಪಟ್ಟಿಯೊಂದನ್ನು ಓದುಗರ ಮೇಜಿನ ಮೇಲಿರಿಸಲಿ. ತಮ್ಮ ಸೀಮೆಯ ಶಾಸನಸಂಪುಟಗಳನ್ನು ಮಾತ್ರ ಕಳಿಸದಿರಲಿ.